ಕಾಡುಪಾಪ: ಜೀವನಕ್ರಮ, ಆರೋಗ್ಯ ಮತ್ತು ಸಂರಕ್ಷಣೆ

(ಕುಂದಾಪುರ ತಾಲ್ಲೂಕಿನ ಗುಲ್ವಾಡಿ ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಪಶ್ಚಿಮ ಘಟ್ಟಗಳ ತಪ್ಪಲಿನಿಂದ ಕರಾವಳಿಯವರೆಗಿನ ಹಾಡಿ, ತೋಟ ಮತ್ತು ನಾಗಬನಗಳು ಅನೇಕ ಸಣ್ಣ ವನ್ಯಜೀವಿಗಳಿಗೆ ಆಶ್ರಯವಾಗಿವೆ. ಇವುಗಳಲ್ಲಿ ಕಾಡುಪಾಪವು ಜನರ ಕಣ್ಣಿಗೆ ಬೀಳುವುದು ಅತಿ ವಿರಳ. ಇದು ರಾತ್ರಿ ಮಾತ್ರ ಸಂಚರಿಸುವ, ಅಂಗೈಯಲ್ಲಿ ಹಿಡಿಸುವಷ್ಟು ಹಗುರವಾದ ಪ್ರಾಣಿ. ಬಹುತೇಕ ಸಂದರ್ಭಗಳಲ್ಲಿ ಮರ ಕಡಿದಾಗ, ವಿದ್ಯುತ್ ತಂತಿಗೆ ಸಿಲುಕಿದಾಗ ಅಥವಾ ರಸ್ತೆಗೆ ಇಳಿದಾಗ ಮಾತ್ರ ಇದರ ಇರುವಿಕೆ ಜನರ ಗಮನಕ್ಕೆ ಬರುತ್ತದೆ. ಅಷ್ಟರಲ್ಲಿ ಅದರ ಜೀವಕ್ಕೆ ಅಪಾಯ ಒದಗಿರುತ್ತದೆ.

ಮರ ಕಡಿಯಲು ಅನುಮತಿ ಕೋರುವ ಅರ್ಜಿದಾರರು, ವಿದ್ಯುತ್ ಮಾರ್ಗದ ಕೊಂಬೆ ಸವರಲು ಮನವಿ ಸಲ್ಲಿಸುವವರು ಮತ್ತು ಗಾಯಗೊಂಡ ವನ್ಯಜೀವಿಯ ಬಗ್ಗೆ ದೂರವಾಣಿ ಮೂಲಕ ತಿಳಿಸುವವರು ಈ ಪ್ರಾಣಿಯ ಸ್ವಭಾವವನ್ನು ಅರಿತಿರುವುದು ಅಗತ್ಯ. ಆ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ.

2. ಹೆಸರುಗಳ ಬಗ್ಗೆ ಸ್ಪಷ್ಟೀಕರಣ

ಕಾಡುಪಾಪವನ್ನು ದೂರದರ್ಶನದಲ್ಲಿ ಕಾಣುವ ಸ್ಲಾತ್ ಎಂಬ ಪ್ರಾಣಿಯೆಂದು ಹಲವರು ತಪ್ಪಾಗಿ ಭಾವಿಸುವುದುಂಟು. ಸ್ಲಾತ್‌ಗಳು ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯದ ಕಾಡುಗಳಲ್ಲಿ ಮಾತ್ರ ಸ್ವಾಭಾವಿಕವಾಗಿ ವಾಸಿಸುತ್ತವೆ. ಭಾರತದ ಯಾವುದೇ ಕಾಡಿನಲ್ಲಿ ಸ್ಲಾತ್ ಇಲ್ಲ. ಅವು ಮುಖ್ಯವಾಗಿ ಎಲೆಗಳನ್ನು ತಿನ್ನುತ್ತವೆ. ಕೊಂಬೆಯಿಂದ ತಲೆಕೆಳಗಾಗಿ ನೇತಾಡುತ್ತವೆ. ಉದ್ದನೆಯ ಕೊಕ್ಕೆಯಂತಹ ಉಗುರುಗಳನ್ನು ಹೊಂದಿವೆ.

ಕಾಡುಪಾಪವು ಲೋರಿಸ್ ಎಂಬ ಗುಂಪಿಗೆ ಸೇರಿದ್ದು, ಮಂಗ ಮತ್ತು ಮುಸುವಗಳ ದೂರದ ಬಂಧುವಾಗಿದೆ. ಇದನ್ನು ಮಲಯಾಳಂನಲ್ಲಿ ಕುಟ್ಟಿತೇವಾಂಗು, ತಮಿಳಿನಲ್ಲಿ ತೇವಾಂಗು ಎಂದು ಕರೆಯಲಾಗುತ್ತದೆ. ಎರಡೂ ಪ್ರಾಣಿಗಳು ನಿಧಾನವಾಗಿ ಚಲಿಸುವುದರಿಂದ ಹಿಂದಿನ ಕಾಲದ ಯುರೋಪಿನ ಪ್ರಾಣಿಶಾಸ್ತ್ರಜ್ಞರೂ ಅವುಗಳನ್ನು ಒಟ್ಟಿಗೆ ಹೋಲಿಸುತ್ತಿದ್ದರು. ಶ್ರೀಲಂಕಾದ ಕೆಂಪು ಕಾಡುಪಾಪಕ್ಕೆ ಲಿನೇಯಸ್ 1758ರಲ್ಲಿ ನೀಡಿದ ಜಾತಿನಾಮ ‘ಟಾರ್ಡಿಗ್ರೇಡಸ್’. ಇದರ ಅರ್ಥ ‘ನಿಧಾನವಾಗಿ ಹೆಜ್ಜೆಯಿಡುವುದು’ ಎಂಬುದಾಗಿದೆ.

ಇದೇ ಬಗೆಯ ಗೊಂದಲ ಕರಡಿಯ ವಿಷಯದಲ್ಲಿಯೂ ಉಂಟಾಗಿತ್ತು. ಭಾರತದ ಕರಡಿಯನ್ನು 1791ರಲ್ಲಿ ಜಾರ್ಜ್ ಶಾ ಎಂಬ ಪ್ರಾಣಿಶಾಸ್ತ್ರಜ್ಞರು ಅದರ ಉದ್ದನೆಯ ಉಗುರು ಮೊದಲಾದ ಲಕ್ಷಣಗಳಿಂದ ಸ್ಲಾತ್ ಎಂದೇ ವರ್ಗೀಕರಿಸಿದ್ದರು. ನಂತರ ತಪ್ಪು ತಿದ್ದಲ್ಪಟ್ಟರೂ ಇಂಗ್ಲಿಷಿನಲ್ಲಿ ಇಂದಿಗೂ ಅದಕ್ಕೆ ‘ಸ್ಲಾತ್ ಬೇರ್’ ಎಂಬ ಹೆಸರೇ ಉಳಿದಿದೆ. ಹಂಪಿಯ ಸಮೀಪದ ದರೋಜಿ ಕರಡಿಧಾಮದಲ್ಲಿರುವುದು ಇದೇ ಕರಡಿ. ಸ್ಲಾತ್, ಕರಡಿ ಮತ್ತು ಕಾಡುಪಾಪ ಈ ಮೂರೂ ಪರಸ್ಪರ ಹತ್ತಿರದ ಸಂಬಂಧವಿಲ್ಲದ ಪ್ರಾಣಿಗಳಾಗಿವೆ.

3. ಗುರುತಿಸುವ ಲಕ್ಷಣಗಳು

ಕರ್ನಾಟಕದಲ್ಲಿ ಬೂದು ಕಾಡುಪಾಪದ ಎರಡು ಉಪಜಾತಿಗಳಿವೆ. ಒಳನಾಡಿನ ಒಣ ಪ್ರದೇಶಗಳಲ್ಲಿರುವುದು ಮೈಸೂರು ಕಾಡುಪಾಪ. ಪಶ್ಚಿಮ ಘಟ್ಟ ಮತ್ತು ಕರಾವಳಿಯ ಮಳೆ ಹೆಚ್ಚು ಬೀಳುವ ಪ್ರದೇಶಗಳಲ್ಲಿರುವುದು ಮಲಬಾರ್ ಕಾಡುಪಾಪ. ಇದು ಗಾತ್ರದಲ್ಲಿ ಸ್ವಲ್ಪ ಚಿಕ್ಕದು ಹಾಗೂ ಬಣ್ಣದಲ್ಲಿ ಹೆಚ್ಚು ಕಂದು. ಪೂರ್ಣ ಬೆಳೆದ ಪ್ರಾಣಿಯ ತೂಕವು ಸುಮಾರು 150 ರಿಂದ 300 ಗ್ರಾಂ, ದೇಹದ ಉದ್ದವು ಸುಮಾರು 20 ರಿಂದ 25 ಸೆಂ.ಮೀ. ಇರುತ್ತದೆ.

ಕಾಡುಪಾಪಕ್ಕೆ ಹೊರಗೆ ಕಾಣುವ ಬಾಲವಿಲ್ಲ. ಕೈಕಾಲುಗಳು ಕಡ್ಡಿಯಂತೆ ತೆಳ್ಳಗಿದ್ದು ಹೆಚ್ಚು ಕಡಿಮೆ ಒಂದೇ ಉದ್ದವಾಗಿರುತ್ತವೆ. ಮುಖದ ಬಹುಭಾಗವನ್ನು ದುಂಡಗಿನ ದೊಡ್ಡ ಕಣ್ಣುಗಳು ಆವರಿಸಿರುತ್ತವೆ. ಬೆಳಕು ಬಿದ್ದಾಗ ಈ ಕಣ್ಣುಗಳು ಕೆಂಡದಂತೆ ಹೊಳೆಯುತ್ತವೆ. ಕಣ್ಣಿನ ಹಿಂಭಾಗದಲ್ಲಿರುವ ಪದರವೊಂದು ಬೆಳಕನ್ನು ಪ್ರತಿಫಲಿಸುವುದೇ ಇದಕ್ಕೆ ಕಾರಣ. ರಾತ್ರಿಯ ಮಂದ ಬೆಳಕಿನಲ್ಲಿ ಕೀಟಗಳನ್ನು ಕಾಣಲು ಈ ರಚನೆ ನೆರವಾಗುತ್ತದೆ. ಇದರಲ್ಲಿ ಯಾವುದೇ ಅತಿಮಾನುಷ ಅಂಶವಿರುವುದಿಲ್ಲ.

4. ಆಹಾರ ಮತ್ತು ಸಂತಾನಾಭಿವೃದ್ಧಿ

ಕಾಡುಪಾಪದ ಆಹಾರದ ಬಹುಪಾಲು ಇರುವೆ, ಗೆದ್ದಲು, ಜೀರುಂಡೆ, ಮಿಡತೆ ಮುಂತಾದ ಕೀಟಗಳೇ ಆಗಿವೆ. ಕೆಲವೊಮ್ಮೆ ಸಣ್ಣ ಹಲ್ಲಿ ಅಥವಾ ಓತಿಯನ್ನೂ, ಮರದ ಅಂಟನ್ನೂ ತಿನ್ನುವುದುಂಟು. ಅಡಿಕೆ, ತೆಂಗು, ಭತ್ತ ಅಥವಾ ತರಕಾರಿ ಬೆಳೆಗೆ ಇದರಿಂದ ಯಾವುದೇ ಹಾನಿಯಿಲ್ಲ. ಕೋಳಿಗಳನ್ನು ಹಿಡಿಯುತ್ತದೆ ಎಂಬ ಭಾವನೆಯೂ ಸರಿಯಲ್ಲ.

ಹಗಲಿನಲ್ಲಿ ಬಿದಿರು ಮೆಳೆ, ಮುಳ್ಳುಪೊದೆ ಅಥವಾ ಬಳ್ಳಿ ಹೆಣೆದುಕೊಂಡ ಕೊಂಬೆಗಳ ನಡುವೆ ಉಂಡೆಯಂತೆ ಮುದುರಿಕೊಂಡು, ಹಲವು ಬಾರಿ ಎರಡು ಮೂರು ಪ್ರಾಣಿಗಳು ಒಟ್ಟಾಗಿ ನಿದ್ರಿಸುತ್ತವೆ. ಗರ್ಭಾವಧಿ ಸುಮಾರು ಐದೂವರೆ ತಿಂಗಳು. ಇದೇ ಗಾತ್ರದ ಹೆಗ್ಗಣ, ಇಲಿಗಳು ಮೂರು ನಾಲ್ಕು ವಾರಗಳಲ್ಲಿ ಹಲವು ಮರಿಗಳನ್ನು ಹಾಕಿದರೆ, ಕಾಡುಪಾಪವು ಐದೂವರೆ ತಿಂಗಳ ನಂತರ ಒಂದು ಅಥವಾ ಎರಡು ಮರಿಗಳನ್ನು ಮಾತ್ರ ಹಾಕುತ್ತದೆ. ಆದ್ದರಿಂದ ಒಂದು ಹಾಡಿಯಲ್ಲಿ ಕೆಲವೇ ಪ್ರಾಣಿಗಳು ಸತ್ತರೂ ಆ ನಷ್ಟ ತುಂಬಲು ದೀರ್ಘಕಾಲ ಬೇಕಾಗುತ್ತದೆ.

ಮರಿಗಳು ಹುಟ್ಟಿದ ಮೊದಲ ಕೆಲವು ವಾರ ತಾಯಿಯ ಹೊಟ್ಟೆಯನ್ನು ಅಪ್ಪಿಕೊಂಡಿರುತ್ತವೆ. ನಂತರ ತಾಯಿಯು ಸಂಜೆ ಮರಿಯನ್ನು ಕೊಂಬೆಯೊಂದರಲ್ಲಿ ಬಿಟ್ಟು ಆಹಾರಕ್ಕೆ ಹೋಗಿ, ನಂತರ ಮರಳಿ ಬಂದು ಒಯ್ಯುತ್ತದೆ. ಹೀಗೆ ರಾತ್ರಿ ಒಂಟಿಯಾಗಿ ಕಂಡ ಮರಿಯು ಅನಾಥವಾಗಿರುತ್ತದೆ ಎಂದು ಭಾವಿಸಬಾರದು.

5. ಚಲನೆ: ಕೊಂಬೆಗಳ ದಾರಿಯ ಮಹತ್ವ

ಕಾಡುಪಾಪವು ಮಂಗನಂತೆ ಅಥವಾ ಅಳಿಲಿನಂತೆ ಜಿಗಿಯಲಾರದು. ಇದು ಅದರ ಜೀವನದ ಅತಿ ಮುಖ್ಯ ಸಂಗತಿ. ಒಂದು ಕೊಂಬೆಯನ್ನು ಬಿಡುವ ಮುನ್ನ ಇನ್ನೊಂದನ್ನು ಹಿಡಿದಿರಬೇಕು. ಮೈಯನ್ನು ಚಾಚಿದಾಗ ಕೈಗೆ ಎಟಕುವಷ್ಟು ದೂರ ಮಾತ್ರ ಅದು ದಾಟಬಲ್ಲದು. ಎರಡು ಮರಗಳ ನಡುವೆ ಒಂದು ಮಾರು ಅಂತರ ಉಂಟಾದರೂ ಆ ದಾರಿ ಅದರ ಪಾಲಿಗೆ ಮುಚ್ಚಿದಂತೆಯೇ. ಆಗ ಅದು ನೆಲಕ್ಕಿಳಿದು ತೆವಳುತ್ತಾ ಸಾಗಬೇಕಾಗುತ್ತದೆ. ನೆಲದ ಮೇಲೆ ನಾಯಿ, ಬೆಕ್ಕು ಮತ್ತು ವಾಹನಗಳಿಂದ ತಪ್ಪಿಸಿಕೊಳ್ಳುವ ವೇಗ ಅದಕ್ಕಿಲ್ಲ.

ಅಪಾಯ ಎದುರಾದಾಗ ಓಡುವ ಬದಲು ಅಲುಗಾಡದೆ ನಿಂತುಬಿಡುವುದು ಅದರ ರಕ್ಷಣಾ ಕ್ರಮ. ಎಲೆಗಳ ಮರೆಯಲ್ಲಿ ಈ ಕ್ರಮ ಫಲಿಸುತ್ತದೆ. ಡಾಂಬರು ರಸ್ತೆಯ ಮೇಲೆ ಇದೇ ಅದರ ಸಾವಿಗೆ ಕಾರಣವಾಗುತ್ತದೆ.

ಕಾಡುಪಾಪ ಮತ್ತು ಸ್ಲಾತ್‌ಗಳ ನಡುವೆ ನಿಜವಾದ ಹೋಲಿಕೆ ಇರುವುದು ಈ ವಿಷಯದಲ್ಲಿಯೇ. ಲಂಡನ್ನಿನ ಶಸ್ತ್ರವೈದ್ಯ ಆಂಥನಿ ಕಾರ್ಲೈಲ್ 1800ರಲ್ಲಿ, ಲೋರಿಸ್ ಗುಂಪಿನ ಪ್ರಾಣಿ ಹಾಗೂ ಸ್ಲಾತ್‌ಗಳ ಕೈಕಾಲುಗಳಲ್ಲಿ ರಕ್ತನಾಳವು ಅನೇಕ ಸಣ್ಣ ಎಳೆಗಳಾಗಿ ಕವಲೊಡೆದು ಹರಿಯುವುದನ್ನು ವಿವರಿಸಿದರು. ಬಹಳ ಹೊತ್ತು ಕೊಂಬೆಯನ್ನು ಬಿಗಿಯಾಗಿ ಹಿಡಿದು ನಿಲ್ಲಲು ಈ ರಚನೆಯು ಸಹಾಯಕವೆಂದು ಹೇಳಲಾಗುತ್ತದೆ. ಬೇರೆ ಬೇರೆ ಖಂಡಗಳ, ಸಂಬಂಧವಿಲ್ಲದ ಎರಡು ಪ್ರಾಣಿಗಳು ಕೂಡಿದ ಕೊಂಬೆಗಳನ್ನೇ ನಂಬಿ ಬದುಕುತ್ತಿವೆ. ಕೊಂಬೆಗಳ ದಾರಿ ತುಂಡಾದಲ್ಲಿ ಎರಡೂ ಒಂದೇ ರೀತಿಯ ಅಪಾಯಕ್ಕೆ ಒಳಗಾಗುತ್ತವೆ.

6. ಗುಲ್ವಾಡಿ ಮತ್ತು ಸುತ್ತಲಿನ ಪ್ರದೇಶ

ಕುಂದಾಪುರ ಭಾಗವು ಮಲಬಾರ್ ಕಾಡುಪಾಪದ ಸ್ವಾಭಾವಿಕ ವ್ಯಾಪ್ತಿಯೊಳಗೆ ಬರುತ್ತದೆ. ಪೂರ್ವದಲ್ಲಿ ಕೊಲ್ಲೂರಿನ ಮೂಕಾಂಬಿಕಾ ಮತ್ತು ಹೆಬ್ರಿ ಕಡೆಯ ಸೋಮೇಶ್ವರ ವನ್ಯಜೀವಿಧಾಮಗಳಿವೆ. ಆದರೆ ಗುಲ್ವಾಡಿಯಂತಹ ಬಯಲು ಭಾಗದ ಗ್ರಾಮಗಳು ವನ್ಯಜೀವಿಧಾಮದ ಹೊರಗಿವೆ. ಇಲ್ಲಿ ಸಣ್ಣ ವನ್ಯಜೀವಿಗಳಿಗೆ ಉಳಿದಿರುವ ನೆಲೆಗಳೆಂದರೆ ಮನೆಗಳ ಹಿಂದಿನ ಹಾಡಿ, ಗದ್ದೆಯಂಚಿನ ಮರಸಾಲು, ಹಳೆಯ ಬಿದಿರು ಮೆಳೆ, ಕುಮ್ಕಿ ಜಮೀನು ಮತ್ತು ನಾಗಬನಗಳು.

ಹಲಸು, ಮಾವು, ಮುರುಗಲು ಮುಂತಾದ ಮರಗಳು ಬಳ್ಳಿಗಳಿಂದ ಹೆಣೆದುಕೊಂಡಿರುವ ಹಾಡಿಯಲ್ಲಿ ಕೊಂಬೆಗಳ ದಾರಿ ಅಖಂಡವಾಗಿರುತ್ತದೆ. ಹಾಡಿಯನ್ನು ಸವರಿ ಅಕೇಶಿಯಾ ಅಥವಾ ರಬ್ಬರ್ ನೆಟ್ಟಾಗ ಮರಗಳ ಸಂಖ್ಯೆ ಹೆಚ್ಚಿದಂತೆ ತೋರಿದರೂ ಅಡ್ಡಕೊಂಬೆ, ಬಳ್ಳಿ ಮತ್ತು ಪೊದೆಗಳು ಇಲ್ಲವಾಗುತ್ತವೆ. ನಾಗಬನದ ಮರಗಳನ್ನು ತೆಗೆದು ಕಾಂಕ್ರೀಟ್ ಕಟ್ಟೆ ನಿರ್ಮಿಸಿದಾಗಲೂ ಇದೇ ಪರಿಣಾಮವಾಗುತ್ತದೆ. ಬನದ ಮರಗಳನ್ನು ಕಡಿಯಬಾರದೆಂಬ ಹಿರಿಯರ ಕಟ್ಟುಪಾಡಿನಿಂದ ಹಲವು ಜೀವಿಗಳು ಇಂದಿನವರೆಗೆ ಉಳಿದುಬಂದಿವೆ.

ಜನವಸತಿಯ ನಡುವೆಯೂ ಕಾಡುಪಾಪ ಬದುಕಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನಗಳಿವೆ. ತುಮಕೂರು ಜಿಲ್ಲೆಯ ನಾಗವಲ್ಲಿ ಗ್ರಾಮದ ಸುತ್ತಲಿನ ತೋಪು, ಬೇಲಿಗಳಲ್ಲಿ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮೈಸೂರು ಕಾಡುಪಾಪಗಳು ವಾಸಿಸುತ್ತಿರುವುದು ದಾಖಲಾಗಿದೆ. ನೆರೆಯ ತಮಿಳುನಾಡು ಸರ್ಕಾರವು ಕರೂರು ಮತ್ತು ದಿಂಡಿಗಲ್ ಜಿಲ್ಲೆಗಳ 11,806 ಹೆಕ್ಟೇರ್ ಪ್ರದೇಶವನ್ನು 2022ರ ಅಕ್ಟೋಬರ್‌ನಲ್ಲಿ ಕಡವೂರು ಕಾಡುಪಾಪ ಅಭಯಾರಣ್ಯವೆಂದು ಘೋಷಿಸಿತು. ಇದು ಈ ಪ್ರಾಣಿಗಾಗಿಯೇ ಮೀಸಲಿಟ್ಟ ದೇಶದ ಮೊದಲ ಅಭಯಾರಣ್ಯವಾಗಿದೆ.

7. ಆರೋಗ್ಯ ಮತ್ತು ಎದುರಾಗುವ ಅಪಾಯಗಳು

(ಅ) ವಿದ್ಯುತ್ ಆಘಾತ: ಕೊಂಬೆ ಸಿಗದಿದ್ದಾಗ ಕಾಡುಪಾಪವು ಹತ್ತಿರದ ತಂತಿಯನ್ನೇ ಕೊಂಬೆಯೆಂದು ಹಿಡಿಯುತ್ತದೆ. ಎರಡು ತಂತಿಗಳನ್ನು ಒಟ್ಟಿಗೆ ಮುಟ್ಟಿದಾಗ ತೀವ್ರ ಸುಟ್ಟಗಾಯವಾಗುತ್ತದೆ ಅಥವಾ ಸಾವು ಸಂಭವಿಸುತ್ತದೆ. ಹೊರಗೆ ಸಣ್ಣ ಗಾಯ ಕಂಡರೂ ಒಳಗಿನ ಹಾನಿ ಹೆಚ್ಚಿರಬಹುದಾದ್ದರಿಂದ ಪಶುವೈದ್ಯರ ಪರೀಕ್ಷೆ ಅವಶ್ಯಕ.

(ಆ) ರಸ್ತೆ ಅಪಘಾತ ಮತ್ತು ನಾಯಿ ಕಡಿತ: ಇವು ನೆಲಕ್ಕಿಳಿಯಬೇಕಾದ ಅನಿವಾರ್ಯತೆಯಿಂದ ಉಂಟಾಗುತ್ತವೆ.

(ಇ) ಮರ ಮತ್ತು ಮೆಳೆ ಕಡಿಯುವಿಕೆ: ಹಗಲು ನಿದ್ರಿಸುವ ಪ್ರಾಣಿಯು ಕೊಡಲಿಯ ಸದ್ದಿಗೆ ಓಡಿಹೋಗುವುದಿಲ್ಲ, ಮರದೊಂದಿಗೇ ನೆಲಕ್ಕೆ ಬೀಳುತ್ತದೆ. ಪೊದೆಗಳಿಗೆ ಬೆಂಕಿ ಹಚ್ಚಿದಾಗಲೂ ಇದೇ ಸ್ಥಿತಿ.

(ಈ) ಮೂಢನಂಬಿಕೆ: ಕಾಡುಪಾಪದ ಕಣ್ಣು ಹಾಗೂ ಇತರ ಅಂಗಗಳಿಗೆ ಮಾಟ, ವಶೀಕರಣ ಅಥವಾ ಔಷಧದ ಶಕ್ತಿ ಇದೆಯೆಂಬ ನಂಬಿಕೆಯಿಂದ ಅದನ್ನು ಹಿಡಿದು ಹಿಂಸಿಸಿ ಕೊಲ್ಲಲಾಗುತ್ತದೆ. ಅದನ್ನು ಕಂಡರೆ ಅಪಶಕುನವೆಂದು ಕಲ್ಲು ಹೊಡೆಯುವವರೂ ಇದ್ದಾರೆ. ಇಂತಹ ನಂಬಿಕೆಗಳಿಗೆ ಯಾವುದೇ ಆಧಾರವಿಲ್ಲ.

(ಉ) ಅನುಚಿತ ಆರೈಕೆ: ಕರುಣೆಯಿಂದ ಮನೆಗೆ ತಂದು ಹಸುವಿನ ಹಾಲು, ಬಾಳೆಹಣ್ಣು, ಅನ್ನ ನೀಡುವುದು ಈ ಪ್ರಾಣಿಗೆ ಹಾನಿಕರ. ಅದರ ಜೀರ್ಣಾಂಗಗಳು ಕೀಟಾಹಾರಕ್ಕೆ ಹೊಂದಿಕೊಂಡಿವೆ. ಬಲವಂತವಾಗಿ ಬಾಯಿಗೆ ಹಾಕಿದ ದ್ರವವು ಶ್ವಾಸಕೋಶ ಸೇರಿ ಸಾವು ಸಂಭವಿಸಬಹುದು. ಜನರ ಗುಂಪು, ಪ್ರಖರ ಬೆಳಕು ಮತ್ತು ಛಾಯಾಚಿತ್ರಕ್ಕಾಗಿ ಕೈಯಿಂದ ಕೈಗೆ ಸಾಗಿಸುವುದು ಅದನ್ನು ಆಘಾತಕ್ಕೆ ಒಳಪಡಿಸುತ್ತವೆ.

8. ಕಾನೂನಿನ ರಕ್ಷಣೆ

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನುಸೂಚಿ 1ರಲ್ಲಿ ಕಾಡುಪಾಪವು ಸೇರಿದೆ. ಹುಲಿ ಮತ್ತು ಆನೆಗಳಿಗೆ ಇರುವ ಅನುಸೂಚಿಯೂ ಇದೇ ಆಗಿದೆ. ಸದರಿ ಅಧಿನಿಯಮದ ಪ್ರಕಾರ ‘ಬೇಟೆ’ ಎಂಬುದು ಕೊಲ್ಲುವುದನ್ನು ಮಾತ್ರವಲ್ಲದೆ ಹಿಡಿಯುವುದು, ಬಲೆ ಹಾಕುವುದು ಹಾಗೂ ಗಾಯಗೊಳಿಸುವುದನ್ನೂ ಒಳಗೊಂಡಿದೆ. ಅನುಸೂಚಿ 1ರ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ ಮೂರು ವರ್ಷಗಳಿಗೆ ಕಡಿಮೆಯಿಲ್ಲದ, ಏಳು ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾಗೃಹ ವಾಸ ಮತ್ತು 2022ರ ತಿದ್ದುಪಡಿಯಂತೆ 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ ವಿಧಿಸಲು ಅವಕಾಶವಿದೆ.

ವನ್ಯಪ್ರಾಣಿಯು ಸರ್ಕಾರದ ಸ್ವತ್ತಾಗಿರುತ್ತದೆ. ಅಂತಹ ಪ್ರಾಣಿಯು ಯಾವುದೇ ರೀತಿಯಲ್ಲಿ ವಶಕ್ಕೆ ಬಂದಲ್ಲಿ 48 ಗಂಟೆಗಳೊಳಗಾಗಿ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡತಕ್ಕದ್ದು. ಗಾಯಗೊಂಡ ಕಾಡುಪಾಪದ ವಿಷಯದಲ್ಲಿ ಅಷ್ಟು ಸಮಯ ಕಾಯದೆ ಕೂಡಲೇ ತಿಳಿಸುವುದು ಸೂಕ್ತ.

9. ಕಾಡುಪಾಪ ಕಂಡುಬಂದಾಗ ಅನುಸರಿಸಬೇಕಾದ ಕ್ರಮ

(1) ಪ್ರಾಣಿಯು ಮರದ ಮೇಲಿದ್ದು ಗಾಯಗೊಂಡಿರದಿದ್ದಲ್ಲಿ ಏನನ್ನೂ ಮಾಡುವ ಅಗತ್ಯವಿಲ್ಲ. ನಾಯಿಗಳನ್ನು ಕಟ್ಟಿಹಾಕಿ, ದೀಪ ಆರಿಸಿ, ದೂರ ಸರಿಯುವುದು.

(2) ಗಾಯವಿಲ್ಲದೆ ರಸ್ತೆ ಅಥವಾ ಅಂಗಳದಲ್ಲಿ ಕಂಡುಬಂದಲ್ಲಿ, ವಾಹನಗಳನ್ನು ಎಚ್ಚರಿಸಿ, ಉದ್ದನೆಯ ಒಣ ಕೋಲನ್ನು ಅದರ ಮುಂದೆ ಹಿಡಿಯುವುದು. ಅದು ಕೋಲನ್ನು ಹಿಡಿದ ನಂತರ ಅದು ಸಾಗುತ್ತಿದ್ದ ಬದಿಯ ಹತ್ತಿರದ ಮರಕ್ಕೆ ದಾಟಿಸಬಹುದು.

(3) ಗಾಯಗೊಂಡಿದ್ದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸುವುದು. ಗ್ರಾಮ, ಮನೆ ಅಥವಾ ಸರ್ವೆ ನಂಬರು, ಕಂಡ ಸಮಯ ಮತ್ತು ಗಾಯದ ಸ್ವರೂಪವನ್ನು ಹೇಳುವುದು.

(4) ಸಿಬ್ಬಂದಿ ಬರುವವರೆಗೆ ಗಾಯಗೊಂಡ ಪ್ರಾಣಿಯನ್ನು ದಪ್ಪ ಬಟ್ಟೆಯಿಂದ ಮೃದುವಾಗಿ ಎತ್ತಿ, ಗಾಳಿಯಾಡಲು ರಂಧ್ರಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿಬಟ್ಟೆ ಹಾಸಿ, ಕತ್ತಲೆಯ ನಿಶ್ಶಬ್ದ ಸ್ಥಳದಲ್ಲಿ ಇಡುವುದು. ಆಹಾರ, ಹಾಲು, ಔಷಧ ನೀಡಬಾರದು.

(5) ವಿದ್ಯುತ್ ತಂತಿಯಲ್ಲಿ ಸಿಲುಕಿದ್ದಲ್ಲಿ ಯಾವುದೇ ಕಾರಣಕ್ಕೂ ಕೋಲಿನಿಂದ ಬಿಡಿಸಲು ಯತ್ನಿಸಬಾರದು. ಮೊದಲು ಮೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ ವಿದ್ಯುತ್ ಸಂಪರ್ಕ ಕಡಿತಗೊಳಿಸುವಂತೆ ಕೋರುವುದು.

(6) ಪ್ರಾಣಿಯು ಕಚ್ಚಿದಲ್ಲಿ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ತೆರಳುವುದು.

(7) ಸಿಕ್ಕ ಪ್ರಾಣಿಯನ್ನು ಸ್ವಂತ ನಿರ್ಧಾರದಿಂದ ದೂರದ ಕಾಡಿಗೆ ಒಯ್ದು ಬಿಡಬಾರದು. ಪ್ರತಿಯೊಂದು ಪ್ರಾಣಿಗೂ ತನ್ನದೇ ಪರಿಚಿತ ಕೊಂಬೆಗಳ ದಾರಿ ಹಾಗೂ ಮಲಗುವ ಮರಗಳಿರುತ್ತವೆ. ಅಪರಿಚಿತ ಕಾಡಿನಲ್ಲಿ ಅದು ಬದುಕುಳಿಯುವ ಸಾಧ್ಯತೆ ಕಡಿಮೆ.

10. ಮರ ಕಡಿಯಲು ಅನುಮತಿ ಕೋರುವ ಅರ್ಜಿದಾರರ ಗಮನಕ್ಕೆ

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅನ್ವಯ, ವಿನಾಯಿತಿ ನೀಡಲಾದ ಜಾತಿಗಳನ್ನು ಹೊರತುಪಡಿಸಿ ಇತರ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಗಳ ಪೂರ್ವಾನುಮತಿ ಪಡೆಯತಕ್ಕದ್ದು. ಮರವಿರುವ ಜಾಗವು ವರ್ಗ ಜಮೀನೇ ಅಥವಾ ಕುಮ್ಕಿಯೇ ಎಂಬುದನ್ನು ಅರ್ಜಿದಾರರು ಪಹಣಿ ಮತ್ತು ನಕ್ಷೆಯಿಂದ ಮೊದಲೇ ಖಚಿತಪಡಿಸಿಕೊಳ್ಳುವುದು. ಕುಮ್ಕಿ ಜಮೀನು ಸರ್ಕಾರದ್ದಾಗಿದ್ದು, ವರ್ಗದಾರರಿಗೆ ಇರುವುದು ಸೊಪ್ಪು ಮುಂತಾದವುಗಳ ಸವಲತ್ತು ಮಾತ್ರ.

ಅನುಮತಿ ದೊರೆತ ನಂತರ ಕೆಳಕಂಡ ಅಂಶಗಳನ್ನು ಪಾಲಿಸಲು ಕೋರಲಾಗಿದೆ: ಕಡಿಯುವ ದಿನ ಬೆಳಿಗ್ಗೆ ಬಳ್ಳಿಗಳ ಗುಂಪು, ಬಿದಿರು ಮೆಳೆ ಹಾಗೂ ಕವಲುಗಳನ್ನು ಕೆಳಗಿನಿಂದ ಸೂಕ್ಷ್ಮವಾಗಿ ಪರಿಶೀಲಿಸುವುದು, ಪ್ರಾಣಿ ಕಂಡಲ್ಲಿ ಕೆಲಸ ನಿಲ್ಲಿಸಿ 1926ಕ್ಕೆ ತಿಳಿಸುವುದು, ಒಂದೇ ಮರ ತೆಗೆಯಬೇಕಾದಲ್ಲಿ ಎರಡೂ ಬದಿಯ ಮರಗಳ ಕೊಂಬೆಗಳನ್ನು ಸವರದೆ ಉಳಿಸುವುದು, ಬದಲಿ ಸಸಿಗಳನ್ನು ಅಂತರ ಉಂಟಾದ ಜಾಗದಲ್ಲಿಯೇ ನೆಡುವುದು.

ಮರ ಬೆಳೆಯುವವರೆಗೆ ಹಗ್ಗದ ಸೇತುವೆಯೂ ಉಪಯುಕ್ತ. ಕೋಸ್ಟರಿಕಾ ದೇಶದಲ್ಲಿ ಸ್ಲಾತ್‌ಗಳಿಗಾಗಿ ರಸ್ತೆಗಳ ಮೇಲೆ ಹಗ್ಗ ಕಟ್ಟಲಾಗಿದೆ. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಕಾಡುಪಾಪದ ಸಂಬಂಧಿಯಾದ ನಿಧಾನ ಲೋರಿಸ್‌ಗಳು, ರೈತರ ಹೊಲಗಳಿಗೆ ನೀರು ಒಯ್ಯಲು ಮರದಿಂದ ಮರಕ್ಕೆ ಕಟ್ಟಿದ ಕೊಳವೆಗಳ ಮೇಲೆ ಸಂಚರಿಸುತ್ತಿರುವುದು ಕಂಡುಬಂದಿದೆ. ತೋಟದ ಮಾಲೀಕರು ತಮ್ಮ ಜಾಗದೊಳಗೆ, ವಿದ್ಯುತ್ ತಂತಿಗಳಿಂದ ದೂರದಲ್ಲಿ, ದಪ್ಪ ಹಗ್ಗವನ್ನು ಎರಡು ಮರಗಳ ನಡುವೆ ಬಿಗಿಯಾಗಿ ಕಟ್ಟಬಹುದು. ರಸ್ತೆಗೆ ಅಡ್ಡಲಾಗಿ ಕಟ್ಟಲು ಸಂಬಂಧಪಟ್ಟ ಇಲಾಖೆಯ ಅನುಮತಿ ಅವಶ್ಯಕ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಾಡಿಯಲ್ಲಿ ಕಾಡುಪಾಪ ಇದೆಯೆಂದು ತಿಳಿಸಿದಲ್ಲಿ ಜಮೀನನ್ನು ಅರಣ್ಯವೆಂದು ಘೋಷಿಸಲಾಗುವುದೇ?
ಉತ್ತರ: ಇಲ್ಲ. ಪ್ರಾಣಿ ಕಂಡ ಮಾಹಿತಿ ನೀಡಿದ ಮಾತ್ರಕ್ಕೆ ಜಮೀನಿನ ಹಕ್ಕಿನಲ್ಲಿ ಬದಲಾವಣೆಯಾಗುವುದಿಲ್ಲ.

ಪ್ರಶ್ನೆ: ಮರಿಯನ್ನು ಸಾಕಲು ಪರವಾನಗಿ ದೊರೆಯುವುದೇ?
ಉತ್ತರ: ಇಲ್ಲ. ಖಾಸಗಿಯಾಗಿ ಸಾಕುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ.

ಪ್ರಶ್ನೆ: ಹಾಡಿಯಲ್ಲಿ ಮಂಗ ಸತ್ತು ಬಿದ್ದಿದ್ದರೆ ಏನು ಮಾಡಬೇಕು?
ಉತ್ತರ: ಮುಟ್ಟಬಾರದು, ಸಮೀಪಕ್ಕೂ ಹೋಗಬಾರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯು ಉಣುಗುಗಳ ಮೂಲಕ ಮನುಷ್ಯರಿಗೆ ಹರಡುತ್ತದೆ. ಸತ್ತ ಮಂಗನ ಮೈಯಿಂದ ಇಳಿದ ಉಣುಗುಗಳು ಸುತ್ತಲಿನ ದರಗಿನಲ್ಲಿರುವ ಸಾಧ್ಯತೆ ಇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಾಗೂ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು.

ಪ್ರಶ್ನೆ: ಗ್ರಾಮಸ್ಥರು ತಮ್ಮಲ್ಲಿರುವ ಮಾಹಿತಿಯನ್ನು ಎಲ್ಲಿ ದಾಖಲಿಸಬಹುದು?
ಉತ್ತರ: ಜೀವವೈವಿಧ್ಯ ಅಧಿನಿಯಮ, 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಸದರಿ ಸಮಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಲು ಗ್ರಾಮ ಪಂಚಾಯತ್ ಕಚೇರಿಯನ್ನು ಸಂಪರ್ಕಿಸಬಹುದು. ಆದರೆ ಪ್ರಾಣಿ ಮಲಗುವ ನಿಖರ ಸ್ಥಳವನ್ನು ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟಿಸಬಾರದು. ಅದು ಕಳ್ಳಬೇಟೆಗಾರರಿಗೆ ದಾರಿ ತೋರಿಸಿದಂತಾಗುತ್ತದೆ.

ಪ್ರಶ್ನೆ: ಹಾಡಿಯನ್ನು ಉಳಿಸಿಕೊಳ್ಳಲು ಸಾಧ್ಯವಾಗದ ಚಿಕ್ಕ ಹಿಡುವಳಿದಾರರು ಏನು ಮಾಡಬಹುದು?
ಉತ್ತರ: ಜಮೀನಿನ ಗಡಿಯುದ್ದಕ್ಕೂ ಒಂದು ಸಾಲು ಮರ ಹಾಗೂ ಜೀವಂತ ಬೇಲಿಯನ್ನು ನೆರೆಯವರ ಮರಸಾಲಿಗೆ ಕೂಡುವಂತೆ ಉಳಿಸಿಕೊಂಡರೆ ಸಾಕಾಗುತ್ತದೆ. ಕಾಡುಪಾಪಕ್ಕೆ ಬೇಕಾಗಿರುವುದು ಒಂದು ಕೈ ಬಿಡುವ ಮೊದಲು ಇನ್ನೊಂದು ಕೈಗೆ ಸಿಗುವ ಕೊಂಬೆ.